ಎಂಟನೇ ಲೇನಿನ ಲೆಕ್ಕ

ಒಂಬತ್ತನೇ ತರಗತಿಯಲ್ಲಿ ‘ಚಲನೆ’ ಪಾಠಕ್ಕೆ ನಮ್ಮ ವಿಜ್ಞಾನದ ಮೇಷ್ಟ್ರು ಬರೆಸುತ್ತಿದ್ದದ್ದು ಎರಡೇ ಸಾಲು. ಸಾಗಿದ ದಾರಿಯ ಪೂರ್ತಿ ಉದ್ದ ದೂರ. ಹೊರಟ ಜಾಗದಿಂದ ತಲುಪಿದ ಜಾಗಕ್ಕೆ ಎಳೆದ ನೇರ ಗೆರೆ, ದಿಕ್ಕಿನ ಸಮೇತ, ಸ್ಥಾನಪಲ್ಲಟ. ದಿಕ್ಕು ಬರೆಯದಿದ್ದರೆ ಅರ್ಧ ಅಂಕ ಹೋಯಿತು ಅಂತಲೇ ಲೆಕ್ಕ. “ಕಂಡಕ್ಟರ್ ದುಡ್ಡು ತಗೊಳ್ಳೋದು ದೂರಕ್ಕೆ ಕಣ್ರೋ, ಸ್ಥಾನಪಲ್ಲಟಕ್ಕಲ್ಲ” ಅನ್ನುವುದು ಅವರ ಮಾಮೂಲಿ ಮಾತು.

ಆಮೇಲೆ ಎಲ್ಲ ಶಾಲೆಗಳಲ್ಲೂ ಹೇಳುವ ಅದೇ ಉದಾಹರಣೆ. 400 ಮೀಟರ್ ಟ್ರ್ಯಾಕಿನಲ್ಲಿ ಒಬ್ಬ ಒಂದು ಸುತ್ತು ಓಡಿದ. ದೂರ 400 ಮೀಟರ್, ಸ್ಥಾನಪಲ್ಲಟ ಸೊನ್ನೆ. ಹಾಗಾಗಿ ಸರಾಸರಿ ಜವ (ದೂರವನ್ನು ಸಮಯದಿಂದ ಭಾಗಿಸಿದ್ದು) ಎಷ್ಟೇ ಇರಲಿ, ಸರಾಸರಿ ವೇಗ (ಸ್ಥಾನಪಲ್ಲಟವನ್ನು ಸಮಯದಿಂದ ಭಾಗಿಸಿದ್ದು) ಸೊನ್ನೆ. ಅಷ್ಟು ಬೆವರು ಸುರಿಸಿದವನಿಗೆ ಇದು ಅನ್ಯಾಯ ಅಲ್ವಾ ಅಂತ ನಾವೆಲ್ಲ ನಗುತ್ತಿದ್ದೆವು.

ತಾಲ್ಲೂಕು ಮಟ್ಟದಲ್ಲಿ ಓಡುತ್ತಿದ್ದ ಹುಡುಗನೊಬ್ಬ ನಮ್ಮ ಕ್ಲಾಸಿನಲ್ಲಿದ್ದ. ಅವನು ಎದ್ದು ನಿಂತು ಕೇಳಿದ: “ಸಾರ್, ನಾನು ಎಂಟನೇ ಲೇನಲ್ಲಿ ಓಡಿದೆ. ಹೊರಟ ಜಾಗಕ್ಕೆ ವಾಪಸ್ ಬರಲೇ ಇಲ್ವಲ್ಲ?”

ಮೇಷ್ಟ್ರು ಗದರಲಿಲ್ಲ. ಸೀದಾ ಪಿ.ಟಿ. ಮೇಷ್ಟ್ರನ್ನು ಕರೆಸಿದರು. ಅವರಿಗೆ ಅಳತೆಗಳೆಲ್ಲ ಬಾಯಿಪಾಠ. ಲೇನಿನ ಅಗಲ 1.22 ಮೀಟರ್. ಹೊರಗಿನ ಲೇನಿನ ತಿರುವು ದೊಡ್ಡದು, ಅದಕ್ಕೇ ಅಲ್ಲಿ ಓಡುವವರನ್ನು ಮುಂದೆ ನಿಲ್ಲಿಸುತ್ತಾರೆ. ಇದೇ ಸ್ಟ್ಯಾಗರ್. ಎರಡನೇ ಲೇನಿಗೆ 7.04 ಮೀಟರ್, ಆಮೇಲೆ ಒಂದೊಂದಕ್ಕೂ ಇನ್ನೂ 7.67. ಎಂಟನೆಯವನು ಮುಗಿಯುವ ಗೆರೆಗಿಂತ ಸುಮಾರು 53 ಮೀಟರ್ ಮುಂದೆ, ತಿರುವಿನ ಮೇಲೆ ನಿಂತಿರುತ್ತಾನೆ. ಓಡುವುದು ಎಲ್ಲರೂ 400 ಮೀಟರೇ. ಆದರೆ ಹೊರಟಲ್ಲಿಗೇ ಬಂದು ಸೇರುವವನು ಒಂದನೇ ಲೇನಿನವನು ಮಾತ್ರ.

ಆ 53 ಮೀಟರ್ ಕೂಡ ತಿರುವಿನ ಉದ್ದಕ್ಕೂ ಅಳೆದದ್ದು. ನೇರ ಗೆರೆ ಎಷ್ಟು? ಒಂದು ಸೆಂಟಿಮೀಟರಿಗೆ ಐದು ಮೀಟರ್ ಅಂತ ಇಟ್ಟುಕೊಂಡು, ಎಂಟನೇ ಲೇನಿನ ತಿರುವಿಗೆ ಕೈವಾರದಲ್ಲಿ ಒಂಬತ್ತು ಸೆಂಟಿಮೀಟರ್ ತ್ರಿಜ್ಯದ ಕಂಸ ಎಳೆದು, ಅದರ ಮೇಲೆ ಆ 53 ಮೀಟರಿಗೆ ಸರಿಯಾಗುವ 67 ಡಿಗ್ರಿ ಗುರುತು ಮಾಡಿ ಸ್ಕೇಲಿಟ್ಟೆವು. ಹತ್ತು ಸೆಂಟಿಮೀಟರಿಗೆ ಕೂದಲೆಳೆ ಕಮ್ಮಿ. ಅಂದರೆ ಸುಮಾರು 50 ಮೀಟರ್. ಬಾಣದ ಗುರುತು ಹಾಕುವಾಗ ಇನ್ನೊಂದು ತಮಾಷೆ ಗೊತ್ತಾಯಿತು. ಉಸಿರು ಬಿಗಿಹಿಡಿದು ಮುಂದಕ್ಕೆ ಓಡಿದವನ ಸ್ಥಾನಪಲ್ಲಟ, ಅವನು ಹೊರಟ ಜಾಗದಿಂದ ಹಿಂದಕ್ಕೆ!

ಮುಂದಿನ ಕಿರುಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಂತು, ‘ಒಂದನೇ ಲೇನಿನಲ್ಲಿ’ ಅನ್ನುವ ಹೊಸ ಮಾತು ಸೇರಿಕೊಂಡು. ಓಟಗಾರ ಹುಡುಗನ ಜಂಬ ಒಂದು ವಾರ ಇಳಿಯಲಿಲ್ಲ.

ಈಗಿನ ಮಕ್ಕಳಿಗೂ ಒಂದು ಲೆಕ್ಕ ಬಿಟ್ಟು ಹೋಗುತ್ತೇನೆ. ಅದೇ ಟ್ರ್ಯಾಕಿನ ಒಂದನೇ ಲೇನಿನಲ್ಲಿ 200 ಮೀಟರ್ ಓಟ. ಮೊದಲು ಅರ್ಧವೃತ್ತದ ತಿರುವು, ಓಡುವ ಗೆರೆಯಲ್ಲಿ ಅದರ ವ್ಯಾಸ 73.6 ಮೀಟರ್. ಆಮೇಲೆ 84.39 ಮೀಟರ್ ನೇರ ದಾರಿ. ಸ್ಥಾನಪಲ್ಲಟ ಎಷ್ಟು? ಪೈಥಾಗೊರಸ್ ಸಾಕು. 112ರ ಆಸುಪಾಸು ಬರದಿದ್ದರೆ ಪಿ.ಟಿ. ಮೇಷ್ಟ್ರ ಹತ್ತಿರ ಟೇಪು ಕೇಳಿ.