ಕಂಪ್ಯೂಟರಿನೊಳಗೆ ಮಾಯವಾದ ನಾಲ್ಕು ಇಂಚು ಮಳೆ

ನೆರೆ ನೀರು ಹೇಗೆ ಹರಿಯುತ್ತದೆ ಅಂತ ಲೆಕ್ಕ ಹಾಕುವ ಸಾಫ್ಟ್‌ವೇರ್ ಬರೆಯುವುದು ನನ್ನ ಕೆಲಸ. ಶಿವಮೊಗ್ಗದ ಮನೆಯಿಂದಲೇ ಮಾಡುತ್ತೇನೆ. ನೆಲವನ್ನು 5 ಮೀಟರ್ ಚೌಕಗಳಾಗಿ ಹೋಳು ಮಾಡಿ, ಪಕ್ಕದ ಚೌಕಕ್ಕೆ ಎಷ್ಟು ನೀರು ಹೋಯಿತು ಅಂತ ಅರ್ಧ ಸೆಕೆಂಡಿಗೊಮ್ಮೆ ಲೆಕ್ಕ. ಲಕ್ಷಾಂತರ ಚೌಕಗಳಿಗೂ ಒಂದೇ ಲೆಕ್ಕ, ಅದಕ್ಕೇ ಜಿಪಿಯು, ಅಂದರೆ ಒಂದೇ ಲೆಕ್ಕವನ್ನು ಸಾವಿರಾರು ಕಡೆ ಒಟ್ಟಿಗೇ ಮಾಡುವ ಗ್ರಾಫಿಕ್ಸ್ ಚಿಪ್.

ಗಾಜನೂರು ಕಡೆಯಿಂದ ಕಂಪ್ಯೂಟರಿನೊಳಗಿನ ತುಂಗೆಗೆ ನೀರು ಬಿಟ್ಟು ನೋಡಿದಾಗ ಎಲ್ಲ ಸರಿಯಾಗೇ ಬಂತು. ಆಮೇಲೆ ತೀರ್ಥಹಳ್ಳಿ ಹತ್ತಿರದ ನಮ್ಮ ತೋಟದ ನಕ್ಷೆ ಹಾಕಿ, ದಿನಕ್ಕೆ 100 ಮಿ.ಮೀ. ಮಳೆ ಸುರಿಸಿದೆ. ಅಪ್ಪಯ್ಯ ಪಕ್ಕದಲ್ಲೇ ಕೂತಿದ್ದರು. ಮಳೆಯ ಲೆಕ್ಕವನ್ನು ದಿನಾ ಇಂಚಿನಲ್ಲಿ ಬರೆದಿಡುವವರು ಅವರು. "ನಾಲ್ಕು ಇಂಚು ಬಿದ್ರೆ ಹಳ್ಳ ತುಂಬ್ಲೇಬೇಕು. ಇದ್ರಲ್ಲಿ ಒಣಗೇ ಇದ್ಯಲ್ಲೋ" ಎಂದರು.

ಒಟ್ಟು ನೀರು ಕೂಡಿಸಿ ನೋಡಿದೆ. ಸೊನ್ನೆ!

ಎರಡು ದಿನ ಸುಮ್ನೆ ಬೇರೆ ಕಡೆಯೆಲ್ಲ ಹುಡುಕಿದೆ. ಕೊನೆಗೆ ಒಂದೇ ಒಂದು ಚೌಕ ಹಿಡಿದು, ಪ್ರತಿ ಹೆಜ್ಜೆಗೂ, ಅಂದರೆ ಅರ್ಧ ಸೆಕೆಂಡಿಗೊಮ್ಮೆ, ಅದರ ನೀರಿನ ಮಟ್ಟ ಪ್ರಿಂಟ್ ಮಾಡಿದೆ. 590.25. ಮತ್ತೆ 590.25. ಮತ್ತೂ ಅದೇ.

ಮಟ್ಟವನ್ನು ಸಮುದ್ರಮಟ್ಟದಿಂದ ಅಳೆದು 32 ಬಿಟ್ ಫ್ಲೋಟ್‌ನಲ್ಲಿ, ಅಂದರೆ ಸುಮಾರು ಏಳು ಅಂಕಿಯಷ್ಟೇ ಹಿಡಿಯುವ ದಶಮಾಂಶ ಸಂಖ್ಯೆಯಲ್ಲಿ, ಇಟ್ಟಿದ್ದೆ. 512ರಿಂದ 1024ರವರೆಗೆ ಒಂದು ಫ್ಲೋಟ್‌ಗೂ ಮುಂದಿನದಕ್ಕೂ ಅಂತರ ಸುಮಾರು 0.00006. ಅರ್ಧ ಸೆಕೆಂಡಿನ ಮಳೆ ಬರೀ 0.0000006 ಮೀಟರ್. ಕೂಡಿಸಿದರೂ ಉತ್ತರವನ್ನು ಹತ್ತಿರದ ಫ್ಲೋಟ್‌ಗೆ ಸರಿಹೊಂದಿಸುವಾಗ ಅದು ಹಳೆಯ ಸಂಖ್ಯೆಗೇ ವಾಪಸ್ ಬರುತ್ತದೆ. ದಿನಕ್ಕೆ 1,72,800 ಹೆಜ್ಜೆ, ಪ್ರತಿ ಹೆಜ್ಜೆಯಲ್ಲೂ ಮಳೆ ಬಿದ್ದು ಮಾಯ. ಹೆಜ್ಜೆ ದೊಡ್ಡದು ಮಾಡೋಣವೆಂದರೆ ಕೂರಾಂಟ್, ಫ್ರೀಡ್ರಿಕ್ಸ್, ಲೆವಿ ಎಂಬ ಗಣಿತಜ್ಞರು 1928ರಲ್ಲಿ ತೋರಿಸಿದ ಮಿತಿ ಅಡ್ಡ ಬರುತ್ತದೆ: ಒಂದು ಹೆಜ್ಜೆಯಲ್ಲಿ ಅಲೆ ಒಂದು ಚೌಕಕ್ಕಿಂತ ಮುಂದೆ ಹೋಗಬಾರದು. ಚೌಕ ಚಿಕ್ಕದಾದಷ್ಟೂ ಹೆಜ್ಜೆಯೂ ಚಿಕ್ಕದು. ಅಂದರೆ ನಕ್ಷೆ ಸೂಕ್ಷ್ಮವಾದಷ್ಟೂ ಮಳೆ ಇನ್ನೂ ಸುಲಭವಾಗಿ ಕಳೆದುಹೋಗುತ್ತದೆ!

ಎಲ್ಲವನ್ನೂ 64 ಬಿಟ್‌ಗೆ ಬದಲಿಸಬಹುದಿತ್ತು. ಆದರೆ ನನ್ನದು ಗೇಮಿಂಗ್ ಕಾರ್ಡ್. ಅಂಥವುಗಳಲ್ಲಿ 64 ಬಿಟ್ ಲೆಕ್ಕದ ವೇಗ ಸಾಮಾನ್ಯವಾಗಿ 32 ಬಿಟ್ ಲೆಕ್ಕದ ವೇಗದ 32ರಲ್ಲಿ ಒಂದು ಪಾಲು, ಕೆಲವದರಲ್ಲಿ 64ರಲ್ಲಿ ಒಂದು. ಅದರ ಬದಲು ನೆಲದ ಎತ್ತರವನ್ನೂ ನೀರಿನ ಆಳವನ್ನೂ ಬೇರೆ ಬೇರೆ ಇಟ್ಟೆ. ಆಳ ಸೊನ್ನೆಯ ಹತ್ತಿರದ ಸಂಖ್ಯೆ, ಅಲ್ಲಿ ಫ್ಲೋಟ್ ತುಂಬಾ ಸೂಕ್ಷ್ಮ. ಆಳದ ಸಂಖ್ಯೆಯೇ ದೊಡ್ಡದಾಗುವ ನದಿಯಂಥ ಜಾಗಕ್ಕಾಗಿ, ಮಳೆಯನ್ನು ಪಕ್ಕದಲ್ಲಿ ಕೂಡಿಟ್ಟು ನಿಮಿಷಕ್ಕೊಮ್ಮೆ ಸೇರಿಸುತ್ತೇನೆ.

ಈಗ ಕೋಡ್‌ನಲ್ಲಿ ಏನೇ ಬದಲಿಸಿದರೂ ಮೊದಲು ಒಂದು ಪರೀಕ್ಷೆ ಓಡುತ್ತದೆ: ಹೊರದಾರಿ ಇಲ್ಲದ ಒಂದು ತೊಟ್ಟಿ, 590 ಮೀಟರ್ ಎತ್ತರದಲ್ಲಿ, ಒಂದು ದಿನದ ಮಳೆ. ಕೊನೆಗೆ ತೊಟ್ಟಿಯಲ್ಲಿ 100 ಮಿ.ಮೀ. ನೀರು ನಿಂತಿರಬೇಕು.