ವಿಯೆಟ್ನಾಂ: ಹುಯೆಗೆ ಜಾಸ್ತಿ ದಿನ ಇಡಿ, ರಾತ್ರಿ ಬಸ್ಸು ಬೇಡ

ದಸರಾ ರಜೆಗೆ ವಿಯೆಟ್ನಾಂ ಅಂತ ಟಿಕೆಟ್ ನೋಡುತ್ತಿದ್ದರೆ ಸ್ವಲ್ಪ ತಡೆಯಿರಿ. ಹನೋಯ್ ಕಡೆ ಅಕ್ಟೋಬರ್ ಚೆನ್ನಾಗಿರುತ್ತದೆ, ನಿಜ. ಆದರೆ ದೇಶದ ನಡುಭಾಗದ ಹುಯೆ, ದನಾಂಗ್, ಹೊಯ್ ಆನ್ ಊರುಗಳಿಗೆ ಅದೇ ಜೋರು ಮಳೆಯ ಕಾಲ. ಹಳೇ ಪಟ್ಟಣಗಳನ್ನು ನೋಡಬೇಕು ಅಂತ ಹೋಗುವವರು ಹೋಗುವುದೇ ಈ ಕಡೆಗೆ. ಅಕ್ಟೋಬರ್, ನವೆಂಬರಿನಲ್ಲಿ ಥು ಬೊನ್ ನದಿ ಉಕ್ಕಿದರೆ ಹೊಯ್ ಆನ್ ಹಳೇ ಪೇಟೆಯೊಳಗೇ ನೀರು ನುಗ್ಗುತ್ತದೆ. ಅಲ್ಲಿ ತಾನ್ ಕೀ ಅನ್ನುವ ಹಳೇ ವರ್ತಕರ ಮನೆಯಿದೆ. ಯಾವ ವರ್ಷ ನೀರು ಎಲ್ಲಿಯವರೆಗೆ ಬಂದಿತ್ತು ಅಂತ ಗೋಡೆ ಮೇಲೆ ಗುರುತು ಹಾಕಿಟ್ಟಿದ್ದಾರೆ. ಅದನ್ನು ನೋಡಿದ ಮೇಲೆ ದಸರಾ ಪ್ಯಾಕೇಜ್ ಮಾರುವವರ ಮೇಲೆ ಸಿಟ್ಟೇ ಬಂತು. ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗೆ ಒಳ್ಳೆಯ ಕಾಲ. ನಾವು ಮಾರ್ಚಿನಲ್ಲಿ ಹೋಗಿದ್ದೆವು. ಮೇ ಆದಮೇಲೆ ಬಿಸಿಲು ತಡೆಯುವುದಕ್ಕೆ ಆಗುವುದಿಲ್ಲವಂತೆ. ಅವರ ಹೊಸವರ್ಷ ತೆತ್ ಹಬ್ಬದ ವಾರವೂ ಬೇಡ, ಅಂಗಡಿಗಳು ಮುಚ್ಚಿರುತ್ತವೆ, ರೈಲಿನಲ್ಲಿ ಸೀಟು ಸಿಗುವುದಿಲ್ಲ.

ವೀಸಾ ಬಗ್ಗೆ ಒಂದೇ ಮಾತು. ಇ-ವೀಸಾಕ್ಕೆ ಒಂದು ಸಲದ ಪ್ರವೇಶಕ್ಕೆ ಸರ್ಕಾರದ ಶುಲ್ಕ 25 ಡಾಲರ್. ಹುಡುಕಿದರೆ ಮೇಲೆ ಬರುವ ಎಷ್ಟೋ ಸೈಟುಗಳು ಸರ್ಕಾರದ್ದರ ಹಾಗೇ ಕಾಣುತ್ತವೆ, ಎರಡು ಮೂರು ಪಟ್ಟು ಕೀಳುತ್ತವೆ. ವಿಳಾಸದ ಕೊನೆಯಲ್ಲಿ 'ಜಿಒವಿ ಡಾಟ್ ವಿಎನ್' ಅಂತ ಇದ್ದರೆ ಮಾತ್ರ ದುಡ್ಡು ಕಟ್ಟಿ.

ಈಗ ಬಸ್ಸಿನ ಕಥೆ. ಹನೋಯ್‌ನಿಂದ ದಕ್ಷಿಣಕ್ಕಿರುವ ನಿನ್ ಬಿನ್ ಊರಿನಿಂದ ಹುಯೆಗೆ ರಾತ್ರಿ ಬಸ್ಸು ಹಿಡಿದೆವು. ರಾತ್ರಿ ಹತ್ತಿ ಬೆಳಗ್ಗೆ ಇಳಿದರೆ ಒಂದು ರೂಮಿನ ಬಾಡಿಗೆ ಉಳಿಯಿತು ಅಂತ ಎಲ್ಲರೂ ಹೇಳುತ್ತಾರಲ್ವಾ, ಅದೇ ಲೆಕ್ಕ. ಏಜೆಂಟ್ ಮೊಬೈಲಿನಲ್ಲಿ ತೋರಿಸಿದ ಫೋಟೋದಲ್ಲಿ ಪರದೆ ಇರುವ ಕ್ಯಾಬಿನ್, ಅಗಲ ಹಾಸಿಗೆ, ಚಾರ್ಜರ್, ಎಲ್ಲ ಇತ್ತು. ದುಡ್ಡೂ ಅದಕ್ಕೇ ಕೊಟ್ಟೆವು. ಬಂದದ್ದು ಮೂರು ಸಾಲಿನ, ಎರಡು ಅಂತಸ್ತಿನ ಹಳೇ ಗಾಡಿ. ಬಾಗಿಲಲ್ಲೇ ಚಪ್ಪಲಿ ಬಿಚ್ಚಿಸಿ ಒಂದು ಪ್ಲಾಸ್ಟಿಕ್ ಕವರ್ ಕೈಗಿಡುತ್ತಾರೆ. ಸೀಟು ಪೂರ್ತಿ ಮಲಗುವುದಿಲ್ಲ. ಕಾಲನ್ನು ಮುಂದಿನವರ ಬೆನ್ನಿನ ಕೆಳಗಿರುವ ಡಬ್ಬಿಯಂಥ ಜಾಗಕ್ಕೆ ತೂರಿಸಬೇಕು. ನಮ್ಮವರು ಆರಡಿ ಹತ್ತಿರ ಇದ್ದಾರೆ, ರಾತ್ರಿಯೆಲ್ಲ ಮಂಡಿ ಮಡಚಿಕೊಂಡೇ ಇದ್ದರು. ಬಸ್ಸಿನಲ್ಲಿ ಶೌಚಾಲಯ ಇಲ್ಲ. ಎಪ್ಪತ್ತು ದಾಟಿದ ನಮ್ಮತ್ತೆ ಕೆಳಗಿನ ಸೀಟು ಕೇಳಿದ್ದರು, ಸಿಕ್ಕಿದ್ದು ಮೇಲಿನದು. ಬೇಡಿಕೊಂಡ ಮೇಲೆ ಒಬ್ಬ ಹುಡುಗ ಜಾಗ ಬಿಟ್ಟುಕೊಟ್ಟ. ಕಂಡಕ್ಟರ್ ತಲೆಯೂ ಎತ್ತಲಿಲ್ಲ.

ಇಷ್ಟಾದರೂ ಸಹಿಸಬಹುದಿತ್ತು. ಬೆಳಗಿನ ಜಾವ ನಾಲ್ಕಕ್ಕೆ ಲೈಟು ಹಾಕಿ, "ಹುಯೆ, ಹುಯೆ" ಅಂತ ಕೂಗಿ ಇಳಿಸಿದ್ದು ಊರಲ್ಲಲ್ಲ, ಬೈಪಾಸಿನಲ್ಲಿ. ಕತ್ತಲು, ಒಂದು ಪೆಟ್ರೋಲ್ ಬಂಕ್, ಎರಡು ಟ್ಯಾಕ್ಸಿ. ಆ ಟ್ಯಾಕ್ಸಿಯವರಿಗೆ ಬಸ್ಸು ಬರುವ ಹೊತ್ತು ಚೆನ್ನಾಗಿ ಗೊತ್ತು. ಟ್ಯಾಕ್ಸಿ ಕರೆಯುವ ಗ್ರ್ಯಾಬ್ ಆ್ಯಪ್‌ನಲ್ಲಿ ಆ ಹೊತ್ತಿಗೆ ಯಾರೂ ಸಿಗಲಿಲ್ಲ. ಕೇಳಿದಷ್ಟು ಕೊಟ್ಟೆವು. ಹೋಟೆಲಿನವರು ಮಧ್ಯಾಹ್ನ ಎರಡರವರೆಗೆ ರೂಮು ಇಲ್ಲ ಅಂದರು. ಅರ್ಧ ದಿನದ ಬಾಡಿಗೆ ಕೊಟ್ಟು ಬೇರೆ ರೂಮು ತೆಗೆದುಕೊಂಡಾಗ ಆ "ಉಳಿತಾಯ" ಪೂರ್ತಿ ಕರಗಿತು. ವಯಸ್ಸಾದವರು ಜೊತೆಗಿದ್ದರೆ ಇದೇ ದಾರಿಗೆ ರೈಲಿನಲ್ಲಿ ನಾಲ್ಕು ಬರ್ತಿನ ಸ್ಲೀಪರ್ ತೆಗೆದುಕೊಳ್ಳಿ. ರೈಲು ಊರೊಳಗಿನ ಸ್ಟೇಷನ್ನಿಗೇ ಬರುತ್ತದೆ.

ಹುಯೆ ಬಗ್ಗೆ ಹೇಳಲೇಬೇಕು, ಯಾಕೆಂದರೆ ಪ್ಯಾಕೇಜಿನವರು ಅದಕ್ಕೆ ಒಂದು ಹಗಲೂ ಕೊಡುವುದಿಲ್ಲ. 1802ರಿಂದ 1945ರವರೆಗೆ ನ್ಗುಯೆನ್ ಅರಸರ ರಾಜಧಾನಿ ಇದು. 1968ರ ಯುದ್ಧದಲ್ಲಿ ಅರಮನೆಯ ಒಳಕೋಟೆ ಹೆಚ್ಚುಕಮ್ಮಿ ನೆಲಸಮವಾಯಿತು. ಎಷ್ಟೋ ಕಡೆ ಈಗಲೂ ಬರೀ ಅಡಿಪಾಯ, ಹುಲ್ಲು. ಹೊಸದಾಗಿ ಕಟ್ಟಿದ ಕಟ್ಟಡಗಳ ಬಣ್ಣಕ್ಕಿಂತ ನನಗೆ ಆ ಖಾಲಿ ಜಾಗಗಳೇ ಇಷ್ಟವಾದವು, ಅಲ್ಲಿಗೆ ಜನ ಬರುವುದಿಲ್ಲ. ಕೋಟೆಗೆ ನಾವು ಕೊಟ್ಟಿದ್ದು ತಲೆಗೆ 2 ಲಕ್ಷ ಡಾಂಗ್. ಗಾಬರಿ ಬೇಡ, ಒಂದು ರೂಪಾಯಿಗೆ ಸುಮಾರು 300 ಡಾಂಗ್ ಅಂತ ಲೆಕ್ಕ ಹಾಕಿಕೊಳ್ಳಿ. ಅರಸರ ಸಮಾಧಿಗಳೂ ಸೇರಿದ ಒಟ್ಟು ಟಿಕೆಟ್ ಸಿಗುತ್ತದೆ, ಕೌಂಟರಿನಲ್ಲಿ ಕೇಳಿ ತೆಗೆದುಕೊಳ್ಳಿ. ಬಿಡಿಬಿಡಿಯಾಗಿ ಕೊಂಡರೆ ಜಾಸ್ತಿಯಾಗುತ್ತದೆ.

ಸಮಾಧಿಗಳಲ್ಲಿ ಒಂದನ್ನೇ ನೋಡುವುದಾದರೆ ತು ಡುಕ್ ಅರಸನದ್ದು ನೋಡಿ. ಬದುಕಿದ್ದಾಗಲೇ ಕೆರೆ, ಮಂಟಪ ಕಟ್ಟಿಸಿಕೊಂಡು ಅಲ್ಲೇ ಬಂದು ಕಾಲ ಕಳೆಯುತ್ತಿದ್ದನಂತೆ. ಕಟ್ಟುವ ಕೂಲಿಗಳು ಬೇಸತ್ತು 1866ರಲ್ಲಿ ದಂಗೆ ಎದ್ದಿದ್ದರು. ಎಲ್ಲರೂ ಫೋಟೋಕ್ಕೆ ಮುಗಿಬೀಳುವ ಖಾಯ್ ಡಿನ್ ಸಮಾಧಿ ಕಾಂಕ್ರೀಟಿನದ್ದು. ಒಳಗೆ ಪಿಂಗಾಣಿ, ಗಾಜಿನ ಚೂರುಗಳ ಕೆಲಸ ಕಣ್ಣು ಕುಕ್ಕುತ್ತದೆ. ಬಸ್ಸುಗಟ್ಟಲೆ ಜನ. ನಾನು ಹತ್ತು ನಿಮಿಷಕ್ಕೆ ಹೊರಗೆ ಬಂದೆ. ಥಿಯೆನ್ ಮು ಪಗೋಡಕ್ಕೆ ಟಿಕೆಟ್ ಇಲ್ಲ. 1963ರಲ್ಲಿ ಸೈಗಾನಿನ ರಸ್ತೆಯಲ್ಲಿ ಮೈಗೆ ಬೆಂಕಿ ಹಚ್ಚಿಕೊಂಡ ಭಿಕ್ಷು ಥಿಕ್ ಕ್ವಾಂಗ್ ಡುಕ್ ಅಲ್ಲಿಗೆ ಹೋಗಿದ್ದ ಆಸ್ಟಿನ್ ಕಾರನ್ನು ಇಲ್ಲಿ ಇಟ್ಟಿದ್ದಾರೆ. ಹಿಂದೆ ಇರುವುದರಿಂದ ಎಷ್ಟೋ ಜನ ನೋಡದೆ ವಾಪಸ್ ಹೋಗುತ್ತಾರೆ.

ಆದರೆ ಹುಯೆಯಲ್ಲಿ ನಮ್ಮನ್ನು ಕಟ್ಟಿಹಾಕಿದ್ದು ಊಟ. ನಮ್ಮತ್ತೆ ಈರುಳ್ಳಿ, ಬೆಳ್ಳುಳ್ಳಿ ಮುಟ್ಟುವವರಲ್ಲ. ಎರಡು ಕೆಜಿ ಚಟ್ನಿಪುಡಿ, ಅವಲಕ್ಕಿ, ರೆಡಿಮೇಡ್ ಉಪ್ಪಿಟ್ಟು ಹೊತ್ತುಕೊಂಡೇ ಬಂದಿದ್ದರು. ಹುಯೆಯಲ್ಲಿ ಆ ಚೀಲ ತೆಗೆಯಲೇ ಇಲ್ಲ. ಬೋರ್ಡಿನ ಮೇಲೆ ಇಂಗ್ಲಿಷಿನ 'ಸಿ ಎಚ್ ಎ ವೈ' ಅಕ್ಷರ ಇರುವ ಅಂಗಡಿ ಹುಡುಕಿ. ಅದು ಬೌದ್ಧರ ಶುದ್ಧ ಸಸ್ಯಾಹಾರ. ಕಟ್ಟುನಿಟ್ಟಾಗಿ ಮಾಡುವ ಕಡೆ ಈರುಳ್ಳಿ ಬೆಳ್ಳುಳ್ಳಿಯೂ ಇರುವುದಿಲ್ಲ. ಬೇರೆ ಹೋಟೆಲಿನಲ್ಲಿ "ವೆಜ್" ಅಂದರೆ ತರಕಾರಿಗೇ ಮೀನಿನ ಸಾಸ್ ಸುರಿದು ಕೊಡುತ್ತಾರೆ, ಅವರ ಲೆಕ್ಕದಲ್ಲಿ ಅದು ಮಾಂಸವಲ್ಲ.

ನಾವು ದಿನಾ ಹೋಗುತ್ತಿದ್ದದ್ದು ನದಿಯ ದಕ್ಷಿಣ ದಂಡೆಯ ಗಲ್ಲಿಯೊಂದರ ಅಂಗಡಿಗೆ. ಗ್ಯಾರೇಜಿನಂಥ ಜಾಗ, ಮೋಟುಕಾಲಿನ ಪ್ಲಾಸ್ಟಿಕ್ ಸ್ಟೂಲು, ಮುಂದೆ ಗಾಜಿನ ಪೆಟ್ಟಿಗೆಯಲ್ಲಿ ಪಲ್ಯದ ತಟ್ಟೆಗಳು. ಭಾಷೆ ಬೇಕಿಲ್ಲ, ಬೆರಳು ತೋರಿಸಿದರೆ ಸಾಕು. ಅನ್ನ, ಟೊಮೆಟೊದಲ್ಲಿ ಬೇಯಿಸಿದ ತೋಫು, ಸೊಪ್ಪಿನ ಹುರಿದ ಪಲ್ಯ, ಅಣಬೆ, ಒಂದು ಬಟ್ಟಲು ತಿಳಿಸಾರು. ಮೂವತ್ತು ಸಾವಿರ ಡಾಂಗ್, ಅಂದರೆ ನೂರು ರೂಪಾಯಿ. ಐಸ್ ಹಾಕಿದ ಟೀ ಪುಕ್ಕಟೆ. ಎಳೇ ಹಲಸಿನಕಾಯಿ ಬೇಯಿಸಿ, ಬಿಡಿಸಿ, ಎಳ್ಳು, ಕಡಲೆಬೀಜ, ಪುದೀನದಂಥ ಸೊಪ್ಪು ಹಾಕಿ ಕಲಸಿ ಅಕ್ಕಿ ಹಪ್ಪಳದ ಜೊತೆ ಕೊಡುತ್ತಾರೆ. ಹಪ್ಪಳವನ್ನೇ ಮುರಿದು ಅದರಲ್ಲಿ ತೋಡಿಕೊಂಡು ತಿನ್ನಬೇಕು. ಅತ್ತೆ ತೀರ್ಥಹಳ್ಳಿಯವರು, ಹಲಸಿನಕಾಯಿ ವಿಷಯದಲ್ಲಿ ಅವರನ್ನು ಒಪ್ಪಿಸುವುದು ಸುಲಭವಲ್ಲ. ಎರಡನೇ ತಟ್ಟೆ ಅವರೇ ಕೇಳಿದರು. ಸೋಯಾದಲ್ಲಿ ಕೋಳಿ ತುಂಡಿನ ಆಕಾರ ಮಾಡಿಟ್ಟಿರುತ್ತಾರೆ, ನೋಡಿ ಹೆದರಬೇಡಿ. ಹುಣ್ಣಿಮೆ, ಅಮಾವಾಸ್ಯೆಗೆ ಊರಿನವರೂ ಇದನ್ನೇ ತಿನ್ನುವುದರಿಂದ ಆ ದಿನ ಹನ್ನೊಂದೂವರೆಗೇ ಹೋಗಿ. ಒಂದೂವರೆ ಹೊತ್ತಿಗೆ ತಟ್ಟೆಗಳು ಖಾಲಿ.

ಹುಯೆಯಿಂದ ದನಾಂಗ್‌ಗೆ ರೈಲು. ಇದಕ್ಕೆ ಬೇರೆ ಆಯ್ಕೆಯೇ ಬೇಡ. ರಸ್ತೆಯವರು ಈಗ 2005ರಲ್ಲಿ ತೆರೆದ ಸುರಂಗದಲ್ಲಿ ನುಗ್ಗಿ ಹೋಗುತ್ತಾರೆ, ಏನೂ ಕಾಣುವುದಿಲ್ಲ. ರೈಲು ಹಾಯ್ ವಾನ್ ಬೆಟ್ಟದ ಮಗ್ಗುಲಲ್ಲಿ ಸಮುದ್ರದ ಮೇಲೇ ಸುತ್ತಿಕೊಂಡು ಸಾಗುತ್ತದೆ. ಸುಮಾರು ಮೂರು ಗಂಟೆ. ದಕ್ಷಿಣಕ್ಕೆ ಹೋಗುವಾಗ ಎಡಗಡೆ ಕಿಟಕಿ ಕೇಳಿ. ದನಾಂಗ್‌ನಲ್ಲಿ ಎಲ್ಲರೂ ದೊಡ್ಡ ಕೈಗಳು ಹಿಡಿದ ಸೇತುವೆ ನೋಡಲು ಬಾ ನಾ ಬೆಟ್ಟಕ್ಕೆ ಹೋಗುತ್ತಾರೆ. ಆ ಕೈಗಳು ಹಳೇ ಕಲ್ಲಲ್ಲ, ಫೈಬರಿನವು. ಸೇತುವೆ ತೆರೆದದ್ದೇ 2018ರಲ್ಲಿ. ಮೂವರ ಟಿಕೆಟ್ ದುಡ್ಡಿನಲ್ಲಿ ಹುಯೆಯಲ್ಲಿ ವಾರ ಊಟ ಮಾಡಬಹುದು. ನಾವು ಹೋಗಲಿಲ್ಲ.

ಹೊಯ್ ಆನ್‌ಗೆ ರೈಲಿಲ್ಲ, ದನಾಂಗ್‌ನಿಂದ 30 ಕಿಲೋಮೀಟರ್ ಟ್ಯಾಕ್ಸಿ. ಊರು ಚೆಂದವೇ, ಇಲ್ಲ ಅನ್ನುವುದಿಲ್ಲ. ಆದರೆ ಸಂಜೆ ಆರರ ಮೇಲೆ ಲಾಟೀನು ಬೆಳಕಿನಲ್ಲಿ ಕಾಣುವುದು ಮನೆಗಳಲ್ಲ, ಸೆಲ್ಫಿ ಕೋಲುಗಳು. ಬೆಳಗ್ಗೆ ಆರರಿಂದ ಎಂಟರವರೆಗೆ ಅದೇ ಬೀದಿಯಲ್ಲಿ ಗುಡಿಸುವವರು, ಸೈಕಲ್ಲಿನವರು ಬಿಟ್ಟರೆ ಯಾರೂ ಇಲ್ಲ. ರೂಮನ್ನು ಹಳೇ ಪೇಟೆಗೆ ಅಂಟಿಕೊಂಡು ಹಿಡಿಯಬೇಡಿ. ಹತ್ತು ನಿಮಿಷ ನಡೆದರೆ ಅರ್ಧ ರೇಟು. ಹಳೇ ಮನೆ, ಚೀನೀ ಸಭಾಭವನಗಳನ್ನು ನೋಡಲು 1 ಲಕ್ಷ 20 ಸಾವಿರ ಡಾಂಗಿನ ಒಂದೇ ಟಿಕೆಟ್, ಅದರಲ್ಲಿ ಐದು ಜಾಗಕ್ಕೆ ಐದು ಚೀಟಿ.

ಇಲ್ಲೇ ನೋಟಿನ ವಿಷಯವೂ ಹೇಳಿಬಿಡುತ್ತೇನೆ. ಇಪ್ಪತ್ತು ಸಾವಿರದ್ದೂ ನೀಲಿ, ಐದು ಲಕ್ಷದ್ದೂ ನೀಲಿ. ರಾತ್ರಿ ಬೆಳಕಿನಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಹೊಯ್ ಆನ್‌ನ ಜಪಾನಿ ಸೇತುವೆಯ ಚಿತ್ರ ಇದ್ದರೆ ಅದು ಇಪ್ಪತ್ತು ಸಾವಿರ. ಐದು ಲಕ್ಷದ ನೋಟನ್ನು ಬೇರೆ ಜೇಬಿನಲ್ಲೇ ಇಡಿ. ದೋಣಿಯವರ ಹತ್ತಿರ ಒಬ್ಬರು ಇದರಲ್ಲೇ ಜಗಳ ಆಡುತ್ತಿದ್ದರು.

ಮೀ ಸೋನ್‌ಗೆ ಅರ್ಧ ದಿನ ಇಡಿ. ಹಿಂದೆ ಈ ಭಾಗವನ್ನು ಆಳಿದ ಚಂಪಾ ಅರಸರು 4ನೇ ಶತಮಾನದಿಂದ ಕಟ್ಟುತ್ತಾ ಬಂದ ಇಟ್ಟಿಗೆಯ ಶಿವ ದೇವಾಲಯಗಳು, ಸಂಸ್ಕೃತ ಶಾಸನಗಳು. 1969ರಲ್ಲಿ ಅಮೆರಿಕದ ಬಾಂಬು ಬಿದ್ದು ದೊಡ್ಡ ಗೋಪುರವೇ ಹೋಯಿತು, ಬಾಂಬಿನ ಗುಂಡಿಗಳು ಗುಡಿಗಳ ಪಕ್ಕದಲ್ಲೇ ಇವೆ. ಕೆಲವು ಗುಡಿಗಳನ್ನು ದುರಸ್ತಿ ಮಾಡಿದ್ದು ನಮ್ಮ ಪುರಾತತ್ವ ಇಲಾಖೆಯವರು. 2020ರಲ್ಲಿ ಅಗೆಯುವಾಗ ಮರಳುಗಲ್ಲಿನ ಒಂದು ಶಿವಲಿಂಗವೂ ಸಿಕ್ಕಿತು. ಪಟ್ಟದಕಲ್ಲು ನೋಡಿದವರಿಗೆ ಗಾತ್ರದಲ್ಲಿ "ಇಷ್ಟೇನಾ" ಅನಿಸಬಹುದು. ಅತ್ತೆಗೆ ಹಾಗನಿಸಲಿಲ್ಲ, ಲಿಂಗದ ಮುಂದೆ ಸುಮ್ನೆ ಕೂತುಬಿಟ್ಟರು. ಟೂರ್ ಬಸ್ಸುಗಳು ಒಂಬತ್ತರ ಮೇಲೆ ಬರುತ್ತವೆ, ಏಳಕ್ಕೇ ಅಲ್ಲಿರಿ. ಹೊಯ್ ಆನ್‌ನಿಂದ ಸುಮಾರು 40 ಕಿಲೋಮೀಟರ್. ಹೋಗುವಾಗ ಗ್ರ್ಯಾಬ್ ಸಿಗುತ್ತದೆ, ಬರುವಾಗ ಅಲ್ಲಿ ಸಿಗುವುದು ಕಷ್ಟ. ಕಾಯುವುದಕ್ಕೂ ಸೇರಿಸಿ ಮೊದಲೇ ರೇಟು ಮಾತಾಡಿ, ಅರ್ಧ ದುಡ್ಡನ್ನು ವಾಪಸ್ ಬಂದ ಮೇಲೆ ಕೊಡಿ.