ಬಿಚ್ಚಿ ಕೈಗಿಟ್ಟ ಎದೆಪಟ್ಟಿ

ಎದುರಿನ ಅಡೆತಡೆಗಳನ್ನು ಅಂಧರಿಗೆ ತಿಳಿಸಲೆಂದು ಮೂರು ತಿಂಗಳು ಕೂತು ನಾವು ತಯಾರಿಸಿದ ಎದೆಪಟ್ಟಿಯನ್ನು ಅಂಧ ಸ್ನೇಹಿತರೊಬ್ಬರು ಗಾಂಧಿ ಬಜಾರಿನಲ್ಲಿ ಹತ್ತು ನಿಮಿಷ ತೊಟ್ಟು ನಡೆದರು. ಆಮೇಲೆ ಬಿಚ್ಚಿ ನನ್ನ ಕೈಗಿಟ್ಟು, "ಇದಕ್ಕೆ ಬಾಯಿ ಜಾಸ್ತಿ" ಎಂದರು. ಹೂವಿನ ಬುಟ್ಟಿ, ನಿಲ್ಲಿಸಿದ ಸ್ಕೂಟರ್, ಎದುರು ಬರುವ ಜನ, ಎಲ್ಲಕ್ಕೂ ಅದು ಇಯರ್‌ಫೋನಿನಲ್ಲಿ ಒಂದೇ ಸಮನೆ ಬೀಪ್ ಎನ್ನುತ್ತಿತ್ತು. ಆಟೊ ಯಾವ ಕಡೆ ತಿರುಗಿತು, ಗೋಡೆ ಮುಗಿದು ಅಡ್ಡರಸ್ತೆ ಎಲ್ಲಿ ತೆರೆದುಕೊಂಡಿತು ಎಂಬುದನ್ನೆಲ್ಲ ಅವರು ತಿಳಿಯುವುದು ಕಿವಿಯಿಂದಲೇ. ನಾವು ಆ ಕಿವಿಗೇ ಬಿರಡೆ ಹಾಕಿದ್ದೆವು.

ದೆಹಲಿ ಐಐಟಿಯಲ್ಲಿ ರೂಪುಗೊಂಡು 2014ರಲ್ಲಿ ಬಿಡುಗಡೆಯಾದ ಸ್ಮಾರ್ಟ್‌ಕೇನ್ ಮೈಮೇಲೆ ತೊಡುವ ಸಾಧನವಲ್ಲ, ಬಿಳಿಕೋಲಿನ ಹಿಡಿಗೆ ಸಿಕ್ಕಿಸುವಂಥದ್ದು. ಆದರೂ ನಾವು ಮೊದಲು ಅದನ್ನೇ ಓದಬೇಕಿತ್ತು. ನೆಲದ ಸುದ್ದಿಯನ್ನು ಕೋಲಿಗೇ ಬಿಟ್ಟು, ಮೊಣಕಾಲಿನಿಂದ ಮೇಲೆ ಎದುರಾಗುವ ಕೊಂಬೆ, ಕಿಟಕಿಯ ಬಾಗಿಲುಗಳನ್ನು ಮಾತ್ರ ಅದು ಶ್ರವಣಾತೀತ ತರಂಗಗಳಿಂದ ಮೂರು ಮೀಟರಿನವರೆಗೆ ಗುರುತಿಸಿ, ಹಿಡಿಯ ಕಂಪನದ ಮೂಲಕ ತಿಳಿಸುತ್ತದೆ. ನಮ್ಮ ಪಟ್ಟಿ ಬಳಸಿದ್ದೂ ಅಂಥದೇ ತರಂಗ; ಮೂರು ಮೀಟರ್ ದೂರದ ಪ್ರತಿಧ್ವನಿ ಮರಳಲು ಸುಮಾರು 18 ಮಿಲಿಸೆಕೆಂಡು ಸಾಕು, ಆದ್ದರಿಂದ ವೇಗ ಎಂದೂ ತೊಡಕಾಗಿರಲಿಲ್ಲ. ಎದೆಯ ಎತ್ತರದಿಂದ ನೇರ ಮುಂದಕ್ಕೆ ಚಿಮ್ಮುವ ತರಂಗಕ್ಕೆ ಕಾಲಡಿಯ ಗುಂಡಿ ಕಾಣುವುದೇ ಇಲ್ಲ. ಓರೆಯಾದ ನುಣುಪು ಗಾಜಿಗೆ ಬಡಿದರೆ ಅದು ಬೇರೆಡೆಗೆ ಜಾರಿಹೋಗುತ್ತದೆ. ಕೋಲಿಗೆ ಬದಲಿ ಎಂದು ನಮ್ಮ ಕರಪತ್ರದಲ್ಲಿ ಬರೆದಿದ್ದ ಸಾಲನ್ನು ಅಂದೇ ಹೊಡೆದುಹಾಕಿದೆವು.

ಅಮೆರಿಕದ ನರವಿಜ್ಞಾನಿ ಪಾಲ್ ಬಾಕ್-ಇ-ರೀಟಾ 1969ರಲ್ಲಿ ಪ್ರಕಟಿಸಿದ ಪ್ರಯೋಗ ನನ್ನ ತಲೆಯಲ್ಲಿ ಉಳಿದಿದೆ. ದಂತವೈದ್ಯರ ಕುರ್ಚಿಯ ಬೆನ್ನಿಗೆ 400 ಕಂಪನಬಿಂದುಗಳನ್ನು ಜೋಡಿಸಿ, ಕ್ಯಾಮೆರಾದ ಚಿತ್ರವನ್ನು ಅಂಧರ ಬೆನ್ನಿನ ಮೇಲೆ ಮೂಡಿಸಲಾಗಿತ್ತು; ಕ್ಯಾಮೆರಾವನ್ನು ತಾವೇ ಆಡಿಸಿದಾಗಲಷ್ಟೇ ಅವರಿಗೆ ವಸ್ತು ಬೆನ್ನಿಗಲ್ಲ, ಎದುರಿಗಿದೆ ಎನಿಸತೊಡಗಿತು. ನಮ್ಮ ಪಟ್ಟಿಯಲ್ಲಿ ಯಾವ ಕಡೆ ಏನಿದೆ ಎಂದು ಪ್ರಶ್ನಿಸುವ ಹಕ್ಕು ತೊಟ್ಟವರಿಗೆ ಇರಲೇ ಇಲ್ಲ.

ಹಾಗಾಗಿ ಎರಡನೆಯದನ್ನು ಮಣಿಕಟ್ಟಿಗೆ ಇಳಿಸಿದೆವು: ಕೈಯೆತ್ತಿ ತೋರಿದ ದಿಕ್ಕಿನ ಬಗ್ಗೆ ಮಾತ್ರ ಅದು ಕಂಪಿಸುತ್ತದೆ, ಕೈ ಇಳಿದರೆ ಸುಮ್ಮನಿರುತ್ತದೆ. ಮಂದದೃಷ್ಟಿಯವರು ಉಳಿದ ನೋಟವನ್ನೂ ಬಳಸುತ್ತಾರೆಂಬುದನ್ನು ಮರೆತು ಕಪ್ಪು ಪಟ್ಟಿಗೆ ಕಪ್ಪು ಗುಂಡಿಯನ್ನೇ ಕೂರಿಸಿದ್ದೆವು (ಚೆಂದಕ್ಕಾಗಿ!), ಈಗ ಅದು ದಪ್ಪ ಹಳದಿ ಗುಂಡಿ.

ಸ್ನೇಹಿತರು ಇದನ್ನು ಎರಡು ವಾರದಿಂದ ಬಿಚ್ಚಿಲ್ಲ. ಅವರ ಈಗಿನ ತಕರಾರು ಚಾರ್ಜರಿನದು: ಪಿನ್ನು ಯಾವ ಮಗ್ಗುಲಿಗೆ ಹೋಗಬೇಕೆಂಬುದು ಬೆರಳಿಗೆ ತಿಳಿಯುತ್ತಿಲ್ಲವಂತೆ.